ಹತ್ತಡಿ ಕೋಣೆಯಲ್ಲಿ ವೀ, ಮೂವ್, ಕಿನೆಕ್ಟ್

ಸೋಫಾ ಸರಿಸದೆ ಆಡೋಕಾಗುತ್ತಾ? ಮೈ ಕೈ ಬೀಸಿ ಆಡುವ ವಿಡಿಯೊ ಗೇಮ್ ಸಾಧನಗಳನ್ನು ಒಂದೇ ಕೋಣೆಯಲ್ಲಿ ಹಚ್ಚಿ ನೋಡುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು. ಗ್ರಾಫಿಕ್ಸ್ ಆಮೇಲೆ.

ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್‌ಗೆ ಜೋಡಿಸುವ ಕ್ಯಾಮೆರಾ, 2010ರ ಕಿನೆಕ್ಟ್, ಇಲ್ಲೇ ಮುಗ್ಗರಿಸುತ್ತದೆ. ಅವಗೆಂಪು (ಕಣ್ಣಿಗೆ ಕಾಣದ ಇನ್‌ಫ್ರಾರೆಡ್) ಬೆಳಕಿನ ಚುಕ್ಕಿಗಳನ್ನು ಕೋಣೆಗೆಲ್ಲ ಚೆಲ್ಲಿ, ಅವು ಎಷ್ಟು ಸರಿದಿವೆ ಎಂಬುದರಿಂದ ದೂರ ಲೆಕ್ಕ ಹಾಕುತ್ತದೆ. ಒಬ್ಬರಿಗೆ ಸುಮಾರು 1.8 ಮೀಟರ್, ಇಬ್ಬರಿಗೆ 2.4 ಮೀಟರ್ ದೂರ ಬೇಕು. ಹತ್ತಡಿ ಅಂದರೆ 3 ಮೀಟರ್. ಟಿವಿ ಸ್ಟ್ಯಾಂಡು, ಸೋಫಾ ಕಳೆದರೆ ಇಬ್ಬರಿಗೆ ಜಾಗವೇ ಇಲ್ಲ. ಕಿಟಕಿಯಿಂದ ನೇರ ಬಿಸಿಲು ಬಿದ್ದರೆ ಚುಕ್ಕಿಗಳು ಅದರಲ್ಲೇ ಮುಳುಗುತ್ತವೆ, ಪರದೆ ಎಳೆಯಲೇಬೇಕು. ಕೈಯಲ್ಲಿ ಬಟನ್ ಇಲ್ಲ, ಹಾಗಾಗಿ ಮೆನುವಿನಲ್ಲಿ ಕೈ ಎತ್ತಿ ಹಿಡಿದು ಕಾಯಬೇಕು.

ಸೋನಿ ಪ್ಲೇಸ್ಟೇಷನ್‌ನ ಕೈಕೋಲು ಮೂವ್ ಅಷ್ಟು ಜಾಗ ಕೇಳುವುದಿಲ್ಲ. ಅದರ ತುದಿಯ ಹೊಳೆಯುವ ಚೆಂಡು ಟಿವಿ ಬಳಿಯ ಕ್ಯಾಮೆರಾಗೆ ಎಷ್ಟು ದೊಡ್ಡದಾಗಿ ಕಾಣುತ್ತದೋ ಅದರಿಂದಲೇ ದೂರ ತಿಳಿಯುತ್ತದೆ. ಮೂರರಲ್ಲಿ ಕರಾರುವಾಕ್ಕು ಇದೇ. ಆದರೆ ಚೆಂಡು ಬೆನ್ನ ಹಿಂದೆ ಮರೆಯಾದರೆ ಒಳಗಿನ ಚಲನೆಯ ಸಂವೇದಕಗಳ ಅಂದಾಜಿನ ಮೇಲೆ ಓಡುತ್ತದೆ, ನಿಧಾನಕ್ಕೆ ಜಾಗದ ಲೆಕ್ಕ ತಪ್ಪುತ್ತದೆ.

ನಿಂಟೆಂಡೋದ 2006ರ ಕನ್ಸೋಲ್ ವೀ ಒರಟು, ಆದರೆ ಗಟ್ಟಿಗ. ಟಿವಿ ಬಳಿ ಇಡುವ ಅದರ 'ಸೆನ್ಸರ್ ಬಾರ್' ಏನನ್ನೂ ಗ್ರಹಿಸುವುದಿಲ್ಲ. ಎರಡೂ ತುದಿಯಲ್ಲಿ ಅವಗೆಂಪು ಎಲ್‌ಇಡಿ, ಅಷ್ಟೇ. ನೋಡುವ ಕ್ಯಾಮೆರಾ ರಿಮೋಟಿನ ಮೂತಿಯಲ್ಲಿದೆ. ಬಾರ್ ಕೆಟ್ಟರೆ ಒಂದು ಗೇಣು ಅಂತರದಲ್ಲಿ ಎರಡು ಮೇಣದಬತ್ತಿ ಹಚ್ಚಿಟ್ಟರೂ ಕರ್ಸರ್ ಓಡುತ್ತದೆ (ಕಿಟಕಿ ಪರದೆಯಿಂದ ದೂರವಿಡಿ!). ಮೊದಲ ರಿಮೋಟಿನಲ್ಲಿ ಜೈರೋ (ತಿರುಗುವಿಕೆ ಅಳೆಯುವ ಸಂವೇದಕ) ಇರಲಿಲ್ಲ, ಹಾಗಾಗಿ ಟೆನಿಸ್‌ಗೆ ತೋಳು ಬೀಸುವುದೇ ಬೇಡ, ಮಣಿಕಟ್ಟು ಕೊಡವಿದರೆ ಸಾಕು. 2009ರ ಮೋಷನ್‌ಪ್ಲಸ್ ಎಂಬ ಜೋಡಣೆ ಜೈರೋ ಸೇರಿಸಿತು. ಅದು ವಾಲಿದರೆ ರಿಮೋಟನ್ನು ಮೇಜಿನ ಮೇಲೆ ಕೆಲವು ಸೆಕೆಂಡು ಅಲುಗಾಡದಂತೆ ಇಡಿ.

ಮಾರುಕಟ್ಟೆಯ ಮಾತು ಬೇರೆ. ವೀ ಹತ್ತು ಕೋಟಿ ದಾಟಿತು. ಕಿನೆಕ್ಟ್ ಮೊದಲ 60 ದಿನದಲ್ಲೇ 80 ಲಕ್ಷ ಮಾರಾಟವಾಯಿತು. ಆದರೆ 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಜೊತೆ ಅದನ್ನು ಕಡ್ಡಾಯ ಮಾಡಿದಾಗ ಬೆಲೆ 499 ಡಾಲರ್, ಎದುರಾಳಿ ಸೋನಿಯ ಪಿಎಸ್4 (ಪ್ಲೇಸ್ಟೇಷನ್ 4) 399. ಮರುವರ್ಷವೇ ಬೇರ್ಪಡಿಸಿದರು, 2017ರಲ್ಲಿ ತಯಾರಿಕೆಯೇ ನಿಂತಿತು. ಬಿಡಿಯಾಗಿ ಮಾರುವ ಸಾಧನಕ್ಕೆ ಇರುವ ಕಷ್ಟ ಇದೇ: ಎಷ್ಟು ಮನೆಯಲ್ಲಿದೆ ಎಂದು ಗೊತ್ತಿಲ್ಲದೆ ಯಾರೂ ಅದಕ್ಕಾಗಿ ದೊಡ್ಡ ಆಟ ಮಾಡುವುದಿಲ್ಲ.

ಪ್ರತಿ ಕಂಟ್ರೋಲರ್ ಒಳಗೇ ಕೂತ ಜೈರೋಗೆ ಆ ತೊಡಕಿಲ್ಲ. ನಿಂಟೆಂಡೋ ಸ್ವಿಚ್‌ನಲ್ಲಿ ಬಣ್ಣ ಎರಚುವ ಶೂಟಿಂಗ್ ಆಟ ಸ್ಪ್ಲಾಟೂನ್ ಆಡಿ ನೋಡಿ: ದೊಡ್ಡ ತಿರುವಿಗೆ ಬಲಗೈ ಸ್ಟಿಕ್, ಕೊನೆಯ ಗುರಿಗೆ ಮಣಿಕಟ್ಟು. ಮೊದಲ ವಾರ ಜೈರೋ ಸೂಕ್ಷ್ಮತೆ ಸೊನ್ನೆಯಲ್ಲೇ ಇರಲಿ (ಅದು ನಡುವಿನ ಮಟ್ಟ, ಆಫ್ ಅಲ್ಲ). ಗುರಿ ವಾಲಿದಾಗ ವೈ ಬಟನ್ ಒತ್ತಿದರೆ ಕ್ಯಾಮೆರಾ ನೇರವಾಗುತ್ತದೆ, ಸೋಫಾದಿಂದ ಏಳುವ ಕೆಲಸವಿಲ್ಲ.