ಪುಣೆಯ ಬೌಲಿಂಗ್ ಕೇಂದ್ರದಲ್ಲೊಂದು ಸಂಜೆ: ಎಣ್ಣೆ ಕಾಣದ ಲೇನ್

1958ರಲ್ಲಿ ಸ್ಥಾಪನೆಯಾದ ಅಮೆರಿಕದ ಪಿಬಿಎ (ವೃತ್ತಿಪರ ಬೌಲರುಗಳ ಸಂಘ) ಸಂಸ್ಥೆಯ, ಚೆಂಡು ಉರುಳಿಸಿ ಹತ್ತು ಪಿನ್ನುಗಳನ್ನು ಬೀಳಿಸುವ ವೃತ್ತಿಪರ ಟೆನ್‌ಪಿನ್ ಪಂದ್ಯಗಳನ್ನು ಈ ಋತುವಿನಲ್ಲಿ ಬಿಡದೆ ನೋಡಿದ ಹುಮ್ಮಸ್ಸಿನಲ್ಲಿ, ಕೋಥ್ರೂಡ್‌ನ ನಾವು ನಾಲ್ವರು ಕನ್ನಡಿಗರು ಕಳೆದ ಭಾನುವಾರ ಪುಣೆಯ ಮಾಲ್ ಒಂದರೊಳಗಿನ ಬೌಲಿಂಗ್ ಕೇಂದ್ರಕ್ಕೆ ಹೋಗಿದ್ದೆವು. ಚೆಂಡು ಬಿಡುವಾಗ ದಾಟಬಾರದ ಫೌಲ್ ಗೆರೆಯಿಂದ ಮೊದಲ ಪಿನ್‌ವರೆಗಿನ 60 ಅಡಿ ಅಂತರ ಅಲ್ಲೂ ಇಲ್ಲೂ ಒಂದೇ ಆದರೂ ಆಟ ಮಾತ್ರ ಒಂದೇ ಅಲ್ಲ. ವೃತ್ತಿಪರರ ಲೇನಿನ (ಚೆಂಡು ಉರುಳುವ ಹಾದಿಯ) ಮೇಲೆ ಎಣ್ಣೆಯ ತೆಳುವಾದ ಪದರವನ್ನು ಗೊತ್ತಾದ ವಿನ್ಯಾಸದಲ್ಲಿ ಹಚ್ಚಿರುತ್ತಾರೆ. ಚೆಂಡು ಅದರ ಮೇಲೆ ಜಾರಿಕೊಂಡು ಹೋಗಿ, ಎಣ್ಣೆ ಮುಗಿದಲ್ಲಿ ಹಲಗೆಯನ್ನು ಕಚ್ಚಿ ಪಿನ್ನುಗಳತ್ತ ತಿರುಗುತ್ತದೆ, ಆಡುತ್ತಾ ಹೋದಂತೆ ಎಣ್ಣೆ ಅಳಿಸಿಹೋಗುವುದರಿಂದ ಆಟಗಾರ ತಾನು ನಿಲ್ಲುವ ಜಾಗವನ್ನೇ ಬದಲಿಸಬೇಕಾಗುತ್ತದೆ. ಇಲ್ಲಿಯ ಲೇನ್ ಎಷ್ಟು ಒಣಗಿತ್ತೆಂದರೆ, ನನ್ನ ಚೆಂಡು ಅರ್ಧ ದಾರಿಯಲ್ಲೇ ಎಡಕ್ಕೆ ಸರಿದು ಲೇನಿನ ಬದಿಯ ಕಾಲುವೆಯಾದ ಗಟರ್ ಸೇರಿತು (ಅದರಲ್ಲಿ ನನ್ನ ಕೈಯ ಪಾಲೂ ಇತ್ತೆಂದು ಒಪ್ಪುತ್ತೇನೆ). 12 ಪೌಂಡಿನ ಚೆಂಡಿನಲ್ಲಿ ಹೆಬ್ಬೆರಳ ತೂತಿನ ಅಂಚು ಒಡೆದು ಚರ್ಮ ತರಚುತ್ತಿತ್ತು. ಬಾಡಿಗೆಯ ಶೂಗಳು ಶುಚಿಯಾಗಿದ್ದವು. ಒಂದೇ ಎಸೆತಕ್ಕೆ ಹತ್ತೂ ಪಿನ್ನು ಬೀಳಿಸುವುದೇ ಸ್ಟ್ರೈಕ್; ಅಂಥ ಸತತ 12 ಸ್ಟ್ರೈಕ್‌ಗಳ 300 ಅಂಕದ ನನ್ನ ಕನಸು 87ಕ್ಕೆ ನಿಂತಿತು. ಮಕ್ಕಳ ಹುಟ್ಟುಹಬ್ಬಕ್ಕೆ ಜಾಗ ಚೆನ್ನಾಗಿದೆ. ಆಟವನ್ನೇ ಕಲಿಯಬೇಕೆನ್ನುವವರು ಹಣ ಕಟ್ಟುವ ಮುನ್ನ, ಲೇನಿಗೆ ಎಣ್ಣೆ ಹಚ್ಚಿದ್ದು ಯಾವಾಗ ಎಂದು ಕೇಳಿಕೊಳ್ಳುವುದು ಒಳ್ಳೆಯದು.