‘ಫುಲ್ ಸರ್ವಿಸ್ ಆಗಿದೆ’ ಎನ್ನುವ ಹಳೇ ಎಚ್‌ಎಂಟಿ ಕೊಳ್ಳುವ ಮುನ್ನ

1,800 ರೂಪಾಯಿಗೆ ಬಂದ ಎಚ್‌ಎಂಟಿ ಜನತಾ ವಾಚು, ಕೀ ಕೊಡುವಂಥದ್ದು. ಡಯಲ್ ಫಳಫಳ, ಕೇಸು ಕನ್ನಡಿಯಂತೆ. ಓಡುವುದು ಮಾತ್ರ ಗಂಟೆಗೆ ನಾಲ್ಕು ನಿಮಿಷ ಮುಂದೆ.

ಹಿಂಬದಿ ಮುಚ್ಚಳ ತೆಗೆದರೆ ಕಾರಣ ಎದುರಿಗೇ ಇತ್ತು. ಹೇರ್‌ಸ್ಪ್ರಿಂಗ್‌ನ, ಅಂದರೆ ತೂಗುವ ಬ್ಯಾಲೆನ್ಸ್ ಚಕ್ರಕ್ಕೆ ಕಟ್ಟಿದ ಕೂದಲೆಳೆ ಸ್ಪ್ರಿಂಗಿನ ಸುರುಳಿಗಳು ಎಣ್ಣೆಯಲ್ಲಿ ಒಂದಕ್ಕೊಂದು ಅಂಟಿದ್ದವು. ಸುರುಳಿ ಅಂಟಿತೆಂದರೆ ಸ್ಪ್ರಿಂಗ್ ಗಿಡ್ಡವಾದಂತೆಯೇ, ಬ್ಯಾಲೆನ್ಸ್ ವೇಗವಾಗಿ ತೂಗುತ್ತದೆ. ಮೆಷಿನ್ ಬಿಚ್ಚದೆ ಇಡಿಯಾಗಿ ಪೆಟ್ರೋಲಿನಲ್ಲಿ ಅದ್ದಿ, ಮೇಲಿಂದ ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟು, ಅದನ್ನೇ ಸರ್ವಿಸ್ ಎಂದು ಮಾರಿದ್ದಾರೆ. ಚಕ್ರವನ್ನು ಹಲ್ಲು ಹಲ್ಲಾಗಿ ತಡೆದು ಬಿಡುವ ಪ್ಯಾಲೆಟ್ ಫೋರ್ಕ್‌ನ ಪಿವಟ್ಟಿಗೂ (ಅದು ತಿರುಗುವ ಸಣ್ಣ ತುದಿ) ಎಣ್ಣೆ ಬಿದ್ದಿತ್ತು. ಅಲ್ಲಿಗೆ ಒಂದು ಹನಿಯೂ ಬೇಡ, ಹೇರ್‌ಸ್ಪ್ರಿಂಗಿಗಂತೂ ಸುತರಾಂ ಕೂಡದು.

ಡಯಲ್ಲಿನದು ಇನ್ನೊಂದು ಕಥೆ. 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ನೋಡಿದರೆ ‘17 ಜ್ಯೂವೆಲ್ಸ್’ ಅಕ್ಷರಗಳ ಅಂಚು ಶಾಯಿ ಹರಡಿದಂತೆ ಒಡೆದಿತ್ತು, ನಿಮಿಷದ ಗೆರೆಗಳು ಗಂಟೆಯ ಉಬ್ಬುಗುರುತುಗಳ ನೇರಕ್ಕೆ ಬಂದಿರಲಿಲ್ಲ. ಮತ್ತೆ ಬಣ್ಣ ಹೊಡೆದ ಡಯಲ್. ಬಣ್ಣ ನೋಡಿ ತೀರ್ಮಾನಿಸಬೇಡಿ, ಕಾರ್ಖಾನೆಯಿಂದಲೂ ಹಲವು ಬಣ್ಣ ಬಂದಿವೆ, ಅಕ್ಷರ ನೋಡಿ. ಡಯಲ್ಲನ್ನು ಮೆಷಿನ್ನಿಗೆ ಹಿಡಿದಿಡುವ, ಅದರ ಕೆಳಗಿನ ಎರಡು ಕಾಲು ಮುರಿದಿದ್ದರಿಂದ ಎರಡು ಬದಿ ಅಂಟುವ ಟೇಪ್ ಹಾಕಿ ಕೂರಿಸಿದ್ದರು. ಟೇಪ್‌ನ ದಪ್ಪಕ್ಕೆ ಡಯಲ್ ಮೇಲೆದ್ದು, ಗಂಟೆ ಮುಳ್ಳು ಅದನ್ನೇ ಉಜ್ಜಿ ಅರ್ಧಚಂದ್ರಾಕಾರದ ಗೀರು ಎಳೆದಿತ್ತು. ಕೆಲವರು ಫೆವಿಕ್ವಿಕ್ ಹಾಕುತ್ತಾರೆ, ಅದರ ಆವಿ ಬಿಳಿ ಮಂಜಿನಂತೆ ಕೂರುತ್ತದೆ.

ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಶುರುವಾದ ಎಚ್‌ಎಂಟಿ ವಾಚು ಘಟಕಕ್ಕೆ ಬೀಗ ಹಾಕಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಅಂದರೆ ಮಾರುವವರು ಹೇಳುವ ‘ಬಳಸದ ಹಳೇ ಸ್ಟಾಕ್’ ಇಲ್ಲವೇ ಇಲ್ಲವೆಂದಲ್ಲ, ರಾಶಿ ರಾಶಿ ಸಿಗುವುದು ಅನುಮಾನ.

ದುಡ್ಡು ಕೊಡುವ ಮುನ್ನ ಮೂರು ಕೇಳಿ: ಗಾಜಿನ ಹೊಳಪಿಲ್ಲದ ಡಯಲ್ ಫೋಟೊ, ಮುಚ್ಚಳ ತೆಗೆದ ಮೆಷಿನ್ ಫೋಟೊ, ಬ್ಯಾಲೆನ್ಸ್ ತೂಗುವ ಹತ್ತು ಸೆಕೆಂಡಿನ ವಿಡಿಯೊ. ಚಕ್ರಗಳನ್ನು ಮೇಲಿಂದ ಹಿಡಿದಿರುವ ತಗಡುಗಳ, ಅಂದರೆ ಬ್ರಿಜ್ಜುಗಳ ಬಣ್ಣ ಒಂದಕ್ಕೊಂದು ಬೇರೆಯಿದ್ದರೆ ಎರಡು ಮೂರು ವಾಚು ಸೇರಿಸಿ ಕಟ್ಟಿರುವ ಸಾಧ್ಯತೆ ಹೆಚ್ಚು. ಟೈಮ್‌ಗ್ರಾಫರ್ (ವಾಚಿನ ಬಡಿತ ಕೇಳಿ ಅಳೆಯುವ ಯಂತ್ರ) ಇರುವವರಾದರೆ ಪೂರ್ತಿ ಕೀ ಕೊಟ್ಟು ಗಂಟೆಗೆ 18,000 ಬಡಿತಕ್ಕೆ ಇಟ್ಟು ಓದಿಸಿ; ಡಯಲ್ ಮೇಲ್ಮುಖವಾಗಿದ್ದಾಗ ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ಎಷ್ಟು ದೂರ ತೂಗುತ್ತದೆ ಎಂಬುದು) 200 ಡಿಗ್ರಿಗಿಂತ ಕೆಳಗಿದ್ದರೆ ಸರ್ವಿಸ್ ಮಾತು ಸುಳ್ಳು. ಮೂರಕ್ಕೂ ‘ಟೈಮಿಲ್ಲ’ ಎನ್ನುವವರ ವಾಚು ಬಿಟ್ಟುಬಿಡಿ.

ಈಗಾಗಲೇ ಕೊಂಡಾಗಿದ್ದು ನೀವೇ ಬಿಚ್ಚಿ ತೊಳೆಯುವುದಾದರೆ, ಮೊದಲು ಕ್ರೌನ್ (ಕೀ ಕೊಡುವ ತಿರುಪು) ಹಿಡಿದುಕೊಂಡು ಕ್ಲಿಕ್ (ಕೀ ಬಿಚ್ಚದಂತೆ ತಡೆಯುವ ಸಣ್ಣ ಕೊಕ್ಕೆ) ಹಿಂದೆ ಸರಿಸಿ, ಕ್ರೌನ್ ಬೆರಳ ನಡುವೆ ಮೆಲ್ಲಗೆ ತಿರುಗಿ ಕೀ ಇಳಿಯುವಂತೆ ಬಿಡಿ. ಕೀ ಸ್ಪ್ರಿಂಗ್ ತುಂಬಿರುವಾಗಲೇ ಪ್ಯಾಲೆಟ್ ಬ್ರಿಜ್ ಎತ್ತಿದರೆ ಚಕ್ರಗಳು ಗಿರ್ರನೆ ತಿರುಗಿ ಪಿವಟ್ ಮುರಿಯುತ್ತದೆ. ಹೇರ್‌ಸ್ಪ್ರಿಂಗನ್ನು ಬ್ಯಾಲೆನ್ಸ್ ಸಮೇತ ಲೈಟರ್ ಪೆಟ್ರೋಲಿನಲ್ಲಿ ಕೆಲವು ಸೆಕೆಂಡು ಅದ್ದಿ ಒಣಗಿಸಿ. ಸ್ಪಿರಿಟ್, ಐಸೊಪ್ರೊಪೈಲ್ ಆಲ್ಕೋಹಾಲ್ ಬೇಡ: ಬ್ಯಾಲೆನ್ಸ್ ಅಡಿಯ ಪುಟ್ಟ ಕಲ್ಲನ್ನೂ ಪ್ಯಾಲೆಟ್ ಕಲ್ಲುಗಳನ್ನೂ ಹಿಡಿದಿರುವುದು ಅರಗು, ಅದು ಆಲ್ಕೋಹಾಲಿನಲ್ಲಿ ಕರಗುತ್ತದೆ.