ಕಡಲೆಕಾಯಿ ಹೊಸಿಲು ದಾಟದ ಬೇಕರಿ

ನನ್ನ ಮಗಳಿಗೆ ಏಳು ವರ್ಷ. ಕಡಲೆಕಾಯಿ, ಗೋಡಂಬಿ, ಪಿಸ್ತಾ ಮೂರೂ ಆಗುವುದಿಲ್ಲ, ಅಲರ್ಜಿ. (ಗೋಡಂಬಿ ಆಗದವರಿಗೆ ಸಾಮಾನ್ಯವಾಗಿ ಪಿಸ್ತಾನೂ ಆಗುವುದಿಲ್ಲ, ಎರಡೂ ಮಾವಿನ ಕುಟುಂಬದ ಮರಗಳು. ಡಾಕ್ಟರ್ ಹೇಳುವವರೆಗೆ ನನಗೂ ಗೊತ್ತಿರಲಿಲ್ಲ.) ಬೆಂಗಳೂರಿನಲ್ಲೇ ಹುಟ್ಟಿ, ಸಂಜೆಯಾದರೆ ಖಾರಾ ಬನ್ನು, ದಿಲ್‌ಪಸಂದ್ ಎಂದು ಬೇಕರಿಗೆ ಓಡುತ್ತಾ ಬೆಳೆದವಳು ನಾನು. ಆದರೆ ಎರಡು ವರ್ಷದಿಂದ ಮಗಳನ್ನು ಯಾವ ಬೇಕರಿಗೂ ಕರೆದುಕೊಂಡು ಹೋಗಿರಲಿಲ್ಲ.

ನಮ್ಮ ಬೇಕರಿಗಳಲ್ಲಿ ‘ಮೊಟ್ಟೆ ಹಾಕಿದ್ದೀರಾ?’ ಎಂದು ಕೇಳಿದರೆ ತಕ್ಷಣ ಉತ್ತರ ಸಿಗುತ್ತದೆ. ‘ಕಡಲೆಕಾಯಿ ತಾಗಿದೆಯಾ?’ ಎಂದರೆ ಸುಮ್ನೆ ಮುಖ ನೋಡುತ್ತಾರೆ. ಎರಡು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಬೆಣ್ಣೆ ಬಿಸ್ಕೆಟ್ ಕೇಳಿದೆ. ‘ಏನೂ ಇಲ್ಲ ಮೇಡಂ, ಬರೀ ಮೈದಾ, ಬೆಣ್ಣೆ, ಸಕ್ಕರೆ’ ಎಂದರು. ಅದು ನಿಜವೇ. ಆದರೆ ಆಗ ತಾನೇ ಕಾಂಗ್ರೆಸ್ ಕಡಲೆಕಾಯಿ ತೂಗಿದ್ದ ತಕ್ಕಡಿ ತಟ್ಟೆಯಲ್ಲೇ ನಮ್ಮ ಬಿಸ್ಕೆಟ್ಟನ್ನೂ ತೂಗಿದರು. ನಾನು ಎದುರಿಗೇ ನಿಂತಿದ್ದೆ, ತಲೆಗೆ ಹೊಳೆಯಲಿಲ್ಲ. ಒಂದು ಬಿಸ್ಕೆಟ್ ಮುಗಿಯುವಷ್ಟರಲ್ಲಿ ಮಗುವಿನ ತುಟಿ ಊದಿಕೊಂಡಿತು, ಮೈಮೇಲೆಲ್ಲ ಗಂಧೆ ಎದ್ದಿತು, ಆಮೇಲೆ ಕೆಮ್ಮು, ಉಬ್ಬಸ. ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು, ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಸರಾಗವಾಯಿತು.

ಹಾಗಾಗಿ ಜಯನಗರದ ಕಡೆ ಗಂಡ ಹೆಂಡತಿ ಸೇರಿ ನಡೆಸುವ ಈ ಪುಟ್ಟ ಬೇಕರಿಗೆ ಮೊದಲ ಸಲ ಮಗಳನ್ನು ಬಿಟ್ಟು ನಾನೊಬ್ಬಳೇ ಹೋದೆ. ಕೆಲಸಕ್ಕೆ ಇರುವುದು ಅವರಿಬ್ಬರು ಮತ್ತು ಒಬ್ಬ ಹುಡುಗ. ಜಾಸ್ತಿ ಆರ್ಡರ್ ಬಂದರೆ ಮಾಡಲಾಗುವುದಿಲ್ಲ, ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ನಿಜವಾಗಿ ಬೇಕಾದವರು ನನಗೆ ಮೆಸೇಜ್ ಮಾಡಿ, ವಿಳಾಸ ಕೊಡುತ್ತೇನೆ.

ಬಾಗಿಲಲ್ಲೇ ಬೋರ್ಡ್ ಇದೆ, ಹೊರಗಿನ ತಿಂಡಿ ಒಳಗೆ ತರುವಂತಿಲ್ಲ. ಒಳಗೆ ಬಂದವರು ಮೊದಲು ಸೋಪು ಹಾಕಿ ಕೈ ತೊಳೆಯಬೇಕು. ನಾನು ಬ್ಯಾಗಿನಿಂದ ಸ್ಯಾನಿಟೈಸರ್ ತೆಗೆದೆ, ‘ಅದು ಬೇಡ ಮೇಡಂ, ಅದಕ್ಕೆ ಕಡಲೆಕಾಯಿ ಅಂಶ ಹೋಗಲ್ಲ, ಸೋಪು ನೀರೇ ಆಗಬೇಕು’ ಎಂದರು. ಆಗಲೇ ನನಗೆ ಅರ್ಧ ಧೈರ್ಯ ಬಂತು. ಉಳಿದರ್ಧ ಬಂದಿದ್ದು ಎಣ್ಣೆ ವಿಷಯ ಕೇಳಿದಾಗ. ಗಾಣದ ಕಡಲೆಕಾಯಿ ಎಣ್ಣೆ ಒಳ್ಳೆಯದು ಎಂದು ಈಗ ಎಲ್ಲರೂ ತರುತ್ತೇವೆ ಅಲ್ವಾ, ಆದರೆ ಅಲರ್ಜಿ ಇರುವವರಿಗೆ ಅದೇ ಅಪಾಯ, ಅದರಲ್ಲಿ ಕಾಳಿನ ಪ್ರೋಟೀನ್ ಉಳಿದಿರುತ್ತದೆ, ಚೆನ್ನಾಗಿ ಶುದ್ಧಿ ಮಾಡಿದ ರಿಫೈನ್ಡ್ ಎಣ್ಣೆಯಲ್ಲಿ ಅದು ತುಂಬಾ ಕಡಿಮೆ. ಇವರು ಎರಡನ್ನೂ ಮುಟ್ಟುವುದಿಲ್ಲ, ಸೂರ್ಯಕಾಂತಿ ಎಣ್ಣೆ ಮತ್ತು ಬೆಣ್ಣೆ ಅಷ್ಟೇ. ಬಾದಾಮಿ ಹಾಲೂ ಮಾರುವುದಿಲ್ಲ.

ಇನ್ನು ರುಚಿ. ಖಾರಾ ಬನ್ನು ಬಹಳ ಚೆನ್ನಾಗಿದೆ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಧಾರಾಳವಾಗಿ ಬಿದ್ದಿದೆ. ದಿಲ್‌ಪಸಂದ್‌ನಲ್ಲಿ ಗೋಡಂಬಿ ಬದಲು ಕುಂಬಳಕಾಯಿ ಬೀಜ ಹಾಕುತ್ತಾರೆ, ಕೊಬ್ಬರಿ, ಟೂಟಿ ಫ್ರೂಟಿ ಎಂದಿನಂತೆ. (ಮಗಳಿಗೆ ಕೊಬ್ಬರಿ ತೊಂದರೆ ಇಲ್ಲ, ಪರೀಕ್ಷೆ ಮಾಡಿಸಿದ್ದೇವೆ. ನೀವೂ ನಿಮ್ಮ ಡಾಕ್ಟರನ್ನು ಕೇಳಿಯೇ ಕೊಡಿ.) ನಿಪ್ಪಟ್ಟಿಗೆ ಹುರಿಗಡಲೆ ಮಾತ್ರ. ಗರಿಗರಿಯಾಗಿದೆ, ಆದರೆ ಕಡಲೆಕಾಯಿ ನಿಪ್ಪಟ್ಟಿನ ರುಚಿ ಬರುವುದಿಲ್ಲ, ಬರುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಬ್ರೆಡ್ ಎರಡನೇ ದಿನಕ್ಕೆ ಒಣಗುತ್ತದೆ. ಬೆಲೆ ಜಾಸ್ತಿ, ಅರ್ಧ ಕೆಜಿ ಕೇಕಿಗೆ 650 ರೂಪಾಯಿ, ಅದೂ ಮೂರು ದಿನ ಮೊದಲೇ ಹೇಳಬೇಕು. ಹಾಲು, ಮೈದಾ, ಎಳ್ಳು ಎಲ್ಲವನ್ನೂ ಬಳಸುತ್ತಾರೆ, ಆದ್ದರಿಂದ ಅವು ಆಗದವರಿಗೆ ಇದು ಸರಿಯಾದ ಜಾಗವಲ್ಲ.

ಬೆಲೆ ಯಾಕೆ ಜಾಸ್ತಿ ಎಂದು ಕೇಳಿದೆ. ಅವರು ಒಂದು ಫೈಲು ತೆಗೆದು ತೋರಿಸಿದರು. ತರಿಸುವ ಪ್ರತಿ ಸಾಮಾನಿನ ಲೇಬಲ್ ಕತ್ತರಿಸಿ, ತಾರೀಕು ಬರೆದು ಅಂಟಿಸಿಟ್ಟಿದ್ದಾರೆ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) 2020ರಲ್ಲಿ ಮಾಡಿದ ನಿಯಮದ ಪ್ರಕಾರ ಕಡಲೆಕಾಯಿ, ಗೋಡಂಬಿ, ಬಾದಾಮಿಯಂಥವು ಇದ್ದರೆ ಪ್ಯಾಕೆಟ್ಟಿನ ಮೇಲೆ ಅಲರ್ಜಿ ಮಾಹಿತಿಯಲ್ಲಿ ಹೇಳಲೇಬೇಕು. ಆದರೆ ಬಿಡಿಯಾಗಿ ತೂಗಿಸಿ ತರುವ ಸಾಮಾನಿಗೆ ಲೇಬಲ್ಲೇ ಇರುವುದಿಲ್ಲವಲ್ಲ. ಅದಕ್ಕೇ ಇವರು ಬಿಡಿ ಸಾಮಾನು ತರುವುದಿಲ್ಲ, ಬೇರೆ ಕಾಳು ಬೀಸುವ ಮಿಲ್ಲಿನ ಹಿಟ್ಟೂ ತರುವುದಿಲ್ಲ.

ಎರಡನೇ ಸಲ ಮಗಳನ್ನು ಕರೆದುಕೊಂಡು ಹೋದಾಗ ಅವಳು ಚಾಕೊಲೇಟ್ ಕೇಕ್ ಬೇಕು ಎಂದಳು. ಆ ಮೇಡಂ ಇಲ್ಲ ಎಂದುಬಿಟ್ಟರು. ಅವರು ತರಿಸುವ ಕೋಕೋ ಪುಡಿಯ ಹೊಸ ಪ್ಯಾಕೆಟ್ಟಿನ ಮೇಲೆ ಗೋಡಂಬಿ ಅಂಶ ಇರಬಹುದು ಎಂದು ಹೊಸದಾಗಿ ಒಂದು ಸಾಲು ಬಂದಿತ್ತಂತೆ. ಹಿಂದಿನ ವಾರವೇ ಪೂರ್ತಿ ಚೀಲ ವಾಪಸ್ ಕಳಿಸಿ, ಚಾಕೊಲೇಟ್ ಆರ್ಡರ್‌ಗಳನ್ನೆಲ್ಲ ಬಿಟ್ಟುಕೊಟ್ಟಿದ್ದರು. ನನಗೆ ಆ ಒಂದು ‘ಇಲ್ಲ’ ಅಲ್ಲಿನ ಖಾರಾ ಬನ್ನಿಗಿಂತ ಇಷ್ಟವಾಯಿತು. ‘ಏನೂ ಇಲ್ಲ ಮೇಡಂ, ತಗೊಳ್ಳಿ’ ಎನ್ನುವ ಅಂಗಡಿಯನ್ನು ನಾನಿನ್ನು ನಂಬಲಾರೆ.

ಮಗಳು ಗಾಜಿನ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ‘ಆಂಟಿ, ಇದು ನಾನು ತಿನ್ನಬಹುದಾ?’ ಎಂದು ಒಂದೊಂದನ್ನೇ ತೋರಿಸಿ ಕೇಳಿದಳು. ಅವರು ಪ್ರತಿ ಸಲವೂ ‘ತಿನ್ನಬಹುದು ಪುಟ್ಟಿ’ ಎಂದರು. ಮುಂದಿನ ತಿಂಗಳು ಅವಳ ಹುಟ್ಟಿದಹಬ್ಬ, ಒಂದು ಕೆಜಿ ಕೇಕ್ ಹೇಳಿ ಬಂದಿದ್ದೇವೆ. ಅಷ್ಟರಲ್ಲಿ ಸರಿಯಾದ ಕೋಕೋ ಸಿಕ್ಕರೆ ಚಾಕೊಲೇಟ್, ಇಲ್ಲದಿದ್ದರೆ ಕಿತ್ತಳೆ.